ದವಡೆಯ ಬೆನ್ನ ಮೇಲಿನ ನೀಲಿ

“ಒಡೀರಿ,” ಎಂದರು ರೇಡಿಯೋ.

ದೊಡ್ಡಪ್ಪ ಕೈಯಲ್ಲಿದ್ದ ದವಡೆಯನ್ನು ಎದೆಗೆ ಒತ್ತಿಕೊಂಡರು. “ಇದು ಕೆಟ್ಟಿಲ್ಲ ಸ್ವಾಮಿ. ನಾನೇ ಹದ ಹಾಕಿದ್ದು. ಕೆಡದೇ ಇರೋದನ್ನ ಯಾಕೆ ಒಡೀಬೇಕು?”

“ಕೆಟ್ಟಿದ್ದನ್ನ ನಾನು ನೋಡಿ ಆಯ್ತಲ್ಲ. ಒಳ್ಳೇದು ಒಳಗೆ ಹೇಗಿರುತ್ತೆ ಅಂತ ಗೊತ್ತಾಗದೆ ಕೆಟ್ಟಿದ್ದನ್ನ ಏನಂತ ಓದ್ಲಿ? ನಮ್ಮನೆಯವಳು ಮದುವೆಯಾದಾಗಿಂದ ನನ್ನ ತಲೆ ಒಡೆದು ಒಳಗೇನಿದೆ ನೋಡ್ಬೇಕು ಅಂತಿದ್ದಾಳೆ. ಅವಳಿಗೆ ಸಿಗದ ಭಾಗ್ಯ ನಿಮಗಾದ್ರೂ ಸಿಗ್ಲಿ. ಎತ್ತಿ ಸುತ್ತಿಗೆ.”

ಪತ್ತೇದಾರರಿಗೆ ರೇಡಿಯೋ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಒಮ್ಮೆ ಹಚ್ಚಿದರೆ ನಿಲ್ಲುವುದಿಲ್ಲ. ಇವರ ಬಾಯಿ ಒಂದು ಗಳಿಗೆ ಮುಚ್ಚಿದರೆ ಸಾಕೆಂದು ಎದುರಿನವರು ತಾವೇ ಏನಾದರೂ ಬಾಯಿ ಬಿಡುತ್ತಾರೆ. ಅವರಿಗೆ ಬೇಕಾದದ್ದೂ ಅದೇ.

ಮಿಲ್ಲಿಂಗ್ ಯಂತ್ರದ ವೈಸಿನ ದವಡೆ ಸಿಡಿದು, ಅದರ ಚೂರು ಆ ಯಂತ್ರ ನಡೆಸುವ ಮೀಸೆ ಎಂಬವನ ತಲೆಗೆ ಬಡಿದಿತ್ತು. ಮೀಸೆ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ಈ ಶಾಪಿನ ದವಡೆಗಳಿಗೆ ಹದ ಹಾಕುವವರು ದೊಡ್ಡಪ್ಪ ಒಬ್ಬರೇ ಆದ್ದರಿಂದ ಪೊಲೀಸರು ಹಿಡಿದದ್ದೂ ಅವರನ್ನೇ. ಇವತ್ತು ಬೆಳಿಗ್ಗೆ ರೇಡಿಯೋ ತಮ್ಮ ಜವಾಬ್ದಾರಿಯ ಮೇಲೆ ಬಿಡಿಸಿ ತಂದಿದ್ದರು. ಅದೂ ಸಂಜೆಯವರೆಗೆ ಮಾತ್ರ. ಅಷ್ಟರೊಳಗೆ ತಪ್ಪು ಬೇರೆಲ್ಲಿದೆಯೆಂದು ತೋರಿಸದಿದ್ದರೆ ದೊಡ್ಡಪ್ಪ ಮತ್ತೆ ಕಂಬಿಯ ಹಿಂದೆ. ಮೀಸೆ ಉಳಿಯದಿದ್ದರೆ ಅವರು ಅಲ್ಲಿಂದ ಎದ್ದು ಬರುವುದೇ ಇಲ್ಲ.

ಅಪ್ಪ ಹೋದ ಮೇಲೆ ನನ್ನನ್ನು ಸಾಕಿದ್ದು ಈ ದೊಡ್ಡಪ್ಪ. ನಾನು ಗೋಡೆಗೆ ಒರಗಿ ನಿಂತು ಅವರ ಕೈಯನ್ನೇ ನೋಡುತ್ತಿದ್ದೆ.

ದವಡೆ ಎಂದರೆ ಅಂಗೈ ಅಗಲದ ಒಂದು ಉಕ್ಕಿನ ಪಟ್ಟಿ. ಇಂಥ ಎರಡು ಪಟ್ಟಿಗಳು ವೈಸಿನ ಬಾಯಲ್ಲಿ ಎದುರುಬದುರು ಕೂತು ಕೆಲಸದ ತುಂಡನ್ನು ಕಚ್ಚಿ ಹಿಡಿಯುತ್ತವೆ. ಮೇಲಿನಿಂದ ಕಟರ್ ತಿರುಗುತ್ತ ಬಂದು ಆ ತುಂಡನ್ನು ಕೆತ್ತುತ್ತದೆ. ಹದವಾಗಿ ಬಂದ ದವಡೆಯ ಮುಖ, ಬೆನ್ನು, ಅಂಚುಗಳನ್ನೆಲ್ಲ ಗ್ರೈಂಡಿಂಗ್ ಯಂತ್ರದಲ್ಲಿ ಸಮ ಮಾಡುವುದು ನನ್ನ ಕೆಲಸ. ಎಷ್ಟು ದವಡೆಗಳು ನನ್ನ ಕೈ ದಾಟಿವೆಯೋ ಲೆಕ್ಕವಿಲ್ಲ. ಆದರೆ ಒಂದರ ಒಳಗನ್ನೂ ನಾನು ಕಂಡಿರಲಿಲ್ಲ.

ದೊಡ್ಡಪ್ಪ ದವಡೆಯ ಅರ್ಧವನ್ನು ಅಡಿಗಲ್ಲಿನಂಥ ಹಳೇ ಬೆಂಚ್ ವೈಸಿಗೆ ಬಿಗಿದರು. ಸುತ್ತಿಗೆ ಎತ್ತಿ ಹೊಡೆದರು. ಕುಲುಮೆ ಕೋಣೆಯ ತಗಡಿನ ಮಾಡೆಲ್ಲ ಘಣ್ ಎಂದಿತು.

ದವಡೆ ಒಡೆಯಲಿಲ್ಲ, ಬಾಗಿತು.

“ಇನ್ನೊಂದು ಏಟು,” ಎಂದರು ರೇಡಿಯೋ.

ಇನ್ನೊಂದಕ್ಕೆ ಮೇಲ್ಮೈಯಲ್ಲಿ ಒಂದು ಗೆರೆ ಬಿತ್ತು. ಮತ್ತೊಂದಕ್ಕೆ ಗೆರೆ ಬಾಯಿ ಬಿಟ್ಟಿತು. ಆದರೂ ಬಿಡಲಿಲ್ಲ. ದೊಡ್ಡಪ್ಪನ ಹಣೆಯಲ್ಲಿ ಬೆವರು. ಕೊನೆಗೆ ಅದು ಮುರಿದದ್ದು ಗಾಜಿನ ಹಾಗಲ್ಲ, ಹಸಿ ಕೊಂಬೆಯ ಹಾಗೆ. ಸೀಳಿಕೊಂಡು, ಒಲ್ಲದ ಮನಸ್ಸಿನಿಂದ.

ಮುರಿದ ಬಾಯನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದರು. ನಾನು ಗೋಡೆ ಬಿಟ್ಟು ಹತ್ತಿರ ಹೋಗಿದ್ದು ನನಗೇ ಗೊತ್ತಾಗಲಿಲ್ಲ.

ಸುತ್ತಲೂ ಉಗುರಿನ ದಪ್ಪದ ಒಂದು ಅಂಚು. ಬೂದು ಬಣ್ಣ, ರೇಷ್ಮೆಯಂಥ ನಯ. ಅದರೊಳಗೆ ನಾರು ನಾರಾದ ಕಪ್ಪುಬೂದು ತಿರುಳು. ಕಬ್ಬಿಣದಲ್ಲೂ ತೊಗಟೆ, ತಿರುಳು ಇರುತ್ತದೆಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆನೇನೋ. ಅದು ಈಗ ಕಣ್ಣೆದುರಿಗಿತ್ತು.

“ಅಯ್ಯೋ,” ಎಂದರು ರೇಡಿಯೋ. ಅವರಿಗೂ ಅಷ್ಟೇ ಮಾತು ಸಿಕ್ಕಿದ್ದು.

“ಮೂಲ ಉಕ್ಕು ಮೆತ್ತಗಿನದು,” ದೊಡ್ಡಪ್ಪ ಮಗುವಿನ ತಲೆ ಸವರಿದ ಹಾಗೆ ಆ ಅಂಚನ್ನು ಸವರಿದರು. “ಅದನ್ನ ಹಾಗೇ ಕಾಯ್ಸಿ ಅದ್ದಿದ್ರೆ ಗಟ್ಟಿ ಆಗೋದೇ ಇಲ್ಲ. ಅದಕ್ಕೆ ಪೆಟ್ಟಿಗೇಲಿ ಇದ್ದಿಲ ಪುಡಿ ಮಧ್ಯೆ ಮಲಗಿಸಿ, ಮಣ್ಣು ಮೆತ್ತಿ ಮುಚ್ಚಿ, ಕುಲುಮೇಲಿ ಇಡ್ತೀನಿ. ಇದ್ದಿಲು ನಿಧಾನವಾಗಿ ಚರ್ಮದೊಳಗೆ ಇಳಿಯುತ್ತೆ. ಎಷ್ಟು ಇಳೀತೋ ಅಷ್ಟೇ ಗಟ್ಟಿ ಆಗೋದು. ಆಮೇಲೆ ಎಣ್ಣೇಲಿ ಅದ್ದಿ, ಮತ್ತೆ ಸ್ವಲ್ಪ ಕಾಯ್ಸಿ, ಬಿಗಿ ಇಳಿಸ್ತೀನಿ. ಹೊರಗೆ ಸವೀಬಾರ್ದು, ಒಳಗೆ ಸಿಡೀಬಾರ್ದು. ದವಡೆಗೆ ಬೇಕಾಗಿದ್ದು ಇಷ್ಟೇ.”

“ಅಂದ್ರೆ ಹೊರಗೆ ಪೊಲೀಸು, ಒಳಗೆ ತಾಯಿ. ಸರಿ, ಈಗ ಇದನ್ನ ನೋಡಿ.” ರೇಡಿಯೋ ಕರವಸ್ತ್ರದ ಗಂಟು ಬಿಚ್ಚಿದರು. ಮೀಸೆಯನ್ನು ಹೊಡೆದ ದವಡೆಯ ದೊಡ್ಡ ತುಂಡು ಅದರಲ್ಲಿತ್ತು. ಪೊಲೀಸರ ವಶದಲ್ಲಿದ್ದ ಅದನ್ನು ನಾವಿಬ್ಬರೂ ನೋಡುತ್ತಿದ್ದದ್ದು ಅದೇ ಮೊದಲು.

ಅದರ ಮುರಿದ ಬಾಯಿಗೆ ಅಂಚೂ ಇರಲಿಲ್ಲ, ತಿರುಳೂ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಹೊಳಪು, ದಪ್ಪ ಸಕ್ಕರೆ ಹರಳು ಒತ್ತಿ ಅಂಟಿಸಿದ ಹಾಗೆ.

ದೊಡ್ಡಪ್ಪ ಅದನ್ನು ಮುಟ್ಟಲಿಲ್ಲ. “ಇದು ನನ್ನ ಹದ ಅಲ್ಲ.”

“ಅಷ್ಟು ಬೇಗ ಹೇಳಿಬಿಟ್ರೆ ಹೇಗಪ್ಪ?” ಬಾಗಿಲ ಹತ್ತಿರದಿಂದ ಧಣಿಗಳ ದನಿ ಬಂತು. ಶಾಪಿನ ಯಜಮಾನರು. ತಂದೆಯಿಂದ ಬಂದ ಶಾಪು, ತಾವೂ ಲೇತ್ ತಿರುಗಿಸಿ ಕಲಿತವರು, ಕೆಲಸ ಗೊತ್ತಿಲ್ಲದವರಲ್ಲ. “ಪೆಟ್ಟಿಗೆ ಕುಲುಮೇಲೇ ಮರೆತುಹೋದ್ರೆ ಇದ್ದಿಲು ತಿರುಳಿನ ತನಕ ಇಳಿಯಲ್ವಾ? ಆಗ ಇದೂ ಹೀಗೇ ಒಂದೇ ಥರ ಕಾಣುತ್ತಲ್ಲ?”

ದೊಡ್ಡಪ್ಪ ಯೋಚಿಸಿದರು. “ಕಾಣುತ್ತೆ,” ಎಂದು ಒಪ್ಪಿಕೊಂಡರು.

ಇಂಥ ಹೊತ್ತಿನಲ್ಲೂ ಇವರು ಸುಳ್ಳಾಡುವುದಿಲ್ಲವಲ್ಲ!

“ಹಾಗಿದ್ರೆ ತೀರ್ಮಾನ ಮಾಡೋದು ಹೇಗೆ?” ರೇಡಿಯೋ ಇಬ್ಬರ ಮುಖವನ್ನೂ ನೋಡಿದರು.

“ಕಿಡಿ ನೋಡಬೇಕು,” ಎಂದರು ದೊಡ್ಡಪ್ಪ. ನನ್ನತ್ತ ತಿರುಗಿ, “ಕಿಟಕಿ ಮುಚ್ಚು ಮಗಳೇ.”

ಕೋಣೆಯ ಮೂಲೆಯಲ್ಲಿ ಸಾಣೆ ಚಕ್ರವಿತ್ತು. ಕಿಟಕಿ ಮುಚ್ಚಿ, ಬಾಗಿಲಿಗೆ ಗೋಣಿ ಪರದೆ ಎಳೆದು, ನಾನು ಚಕ್ರ ಚಾಲೂ ಮಾಡಿದೆ. ಗೋಡೆಯಾಚೆ ಯಾವುದೋ ಯಂತ್ರ ಆಗಾಗ ಗುಂಯ್ ಎಂದು ಎದ್ದು ಅಡಗುತ್ತಿತ್ತು. ಇಲ್ಲಿ ಕತ್ತಲು.

ಮೊದಲು ಒಳ್ಳೆಯ ದವಡೆಯ ತಿರುಳನ್ನು ತಾಗಿಸಿದೆ. ಕಿಡಿಗಳು ಉದ್ದಕ್ಕೆ, ನೆಟ್ಟಗೆ, ಬಾಚಿದ ಕೂದಲ ಹಾಗೆ ಹರಿದು ನೆಲ ಮುಟ್ಟಿ ಆರಿದವು.

“ಮೆತ್ತಗಿನ ಉಕ್ಕು,” ಎಂದರು ದೊಡ್ಡಪ್ಪ.

ತುಂಡನ್ನು ತಿರುಗಿಸಿ ಅದೇ ದವಡೆಯ ಚರ್ಮವನ್ನು ತಾಗಿಸಿದೆ. ಈಗ ಪ್ರತಿ ಗೆರೆಯ ತುದಿಯೂ ಒಡೆದು ಹೂವಾಯಿತು. ಹೂವಿನಿಂದ ಮತ್ತೊಂದು ಹೂವು. ಬಿಳಿ ಬಿಳಿ ನಕ್ಷತ್ರಗಳು ನಮ್ಮ ಮೊಣಕಾಲ ಸುತ್ತ ಸಿಡಿದವು. ನಾನು ದಿನವೂ ಕಿಡಿಯ ನಡುವೆ ಬದುಕುವವಳು. ಆದರೆ ನನ್ನ ಯಂತ್ರದ ಮೇಲೆ ನೀರು ಸುರಿಯುತ್ತಿರುತ್ತದೆ, ಮೇಲೆ ದೀಪ ಉರಿಯುತ್ತಿರುತ್ತದೆ. ಕಿಡಿಯನ್ನು ಕಂಡಿದ್ದೆ ಹೊರತು ನೋಡಿರಲಿಲ್ಲ. ಒಂದೇ ತುಂಡಿನ ಒಳಗೊಂದು ಬೆಳಕು, ಹೊರಗೊಂದು ಬೆಳಕು! ಕೈ ತೆಗೆಯಲು ಮನಸ್ಸಾಗಲಿಲ್ಲ.

“ಹೂವು ಬಿಟ್ಟಿದ್ದು ಇದ್ದಿಲು,” ಎಂದರು ದೊಡ್ಡಪ್ಪ ಮೆಲ್ಲಗೆ. “ತಿರುಳಿನ ತನಕ ಇದ್ದಿಲು ಇಳಿದಿದ್ರೆ, ಆ ಒಡೆದ ತುಂಡೂ ಹೀಗೇ ಹೂವು ಬಿಡಬೇಕು. ಹಾಕು.”

ಒಡೆದ ದವಡೆಯನ್ನು ತಾಗಿಸಿದೆ.

ಹೂವಿಲ್ಲ. ಉದ್ದದ ಗೆರೆಯೂ ಇಲ್ಲ. ಚಕ್ರದ ಬುಡದಲ್ಲೇ ಗಿಡ್ಡಗೆ, ಮಂಕಾಗಿ, ಕೆಂಪು ಕಿಡಿ. ಬೇರೆ ಯಾವುದೋ ಊರಿನ ಬೆಂಕಿ.

ಚಕ್ರ ನಿಲ್ಲಿಸಿದೆ. ಯಾರೂ ಪರದೆ ತೆಗೆಯಲಿಲ್ಲ.

“ಇದು ನಮ್ಮ ಉಕ್ಕೇ ಅಲ್ಲ,” ಎಂದರು ದೊಡ್ಡಪ್ಪ ಕತ್ತಲಲ್ಲಿ. “ಇದರಲ್ಲಿ ಬೇರೆ ಲೋಹ ಬೆರೆಸಿದಾರೆ. ಟೂಲ್ ಸ್ಟೀಲು. ನಮ್ಮ ಸ್ಟೋರಿಗೆ ಅಂಥ ಸರಳು ಬಂದೇ ಇಲ್ಲ.”

ರೇಡಿಯೋ ಪರದೆ ಸರಿಸಿದರು. ಬೆಳಕು ನೇರ ಧಣಿಗಳ ಮುಖದ ಮೇಲೆ ಬಿತ್ತು. ಆ ಮುಖ ಸುಣ್ಣವಾಗಿತ್ತು.

“ಧಣಿಗಳೇ, ಸೆಖೆ ಜಾಸ್ತಿ ಆಯ್ತಾ? ನಮ್ಮ ಸೋದರಮಾವನಿಗೂ ಹೀಗೇ ಆಗ್ತಿತ್ತು. ಬೆವರು ಬಂತು ಅಂದ್ರೆ ಏನೋ ಮುಚ್ಚಿಟ್ಟಿದಾನೆ ಅಂತ ಮನೆಯವರಿಗೆಲ್ಲ ಗೊತ್ತಾಗ್ತಿತ್ತು. ಒಂದು ಸಲ ಏನಾಯ್ತು ಅಂದ್ರೆ, ಅವನು ಹೆಂಡ್ತಿಗೆ ಹೇಳದೆ ಒಂದು ಕುದುರೆ...”

“ನಾನು ತರಿಸಿದ್ದು,” ಎಂದರು ಧಣಿಗಳು.

ಕುದುರೆಯ ಕತೆ ಅಲ್ಲೇ ನಿಂತಿತು.

“ಒಂದೇ ಜೊತೆ ದವಡೆಗಾಗೋ ಅಷ್ಟು. ಸ್ಟೋರಿಗೆ ಹಾಕದೆ ಹೊರಗೇ ಕೆತ್ತಿಸಿದೆ. ಈ ಮನುಷ್ಯನ ಹತ್ರ ಬಾಯಿ ನೋಯೋ ಹಾಗೆ ಹೇಳಿದೀನಿ. ಆ ಇದ್ದಿಲ ಪೆಟ್ಟಿಗೆ ಇಡೀ ದಿನ ನುಂಗುತ್ತೆ, ಟೂಲ್ ಸ್ಟೀಲಾದ್ರೆ ಕಾಯ್ಸು, ಅದ್ದು, ಬಿಗಿ ಇಳಿಸು, ಮುಗೀತು. ಕೇಳಿದ್ರಾ?”

“ಉಕ್ಕು ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಿಲ್ಲ ಧಣಿ,” ದೊಡ್ಡಪ್ಪನ ದನಿ ಏರಲಿಲ್ಲ. “ಸರಿಯಾಗಿ ಬಿಗಿ ಇಳಿಸಿದ್ರೆ ಅದೂ ಬಾಳುತ್ತೆ. ಆದ್ರೆ ಅದು ಒಳಗೂ ಹೊರಗೂ ಗಟ್ಟಿ. ಕಾವು ಒಂಚೂರು ಹೆಚ್ಚಾದ್ರೆ ಹರಳು ಕಟ್ಟುತ್ತೆ. ಬಿಗಿ ಇಳಿಸೋದು ಮರೆತ್ರೆ ಬಾಂಬು. ನನ್ನ ದವಡೆ ತಪ್ಪಿದ್ರೂ ಬಾಗುತ್ತೆ, ಮನುಷ್ಯ ಬದುಕ್ತಾನೆ. ಅಷ್ಟೇ ನನ್ನ ವಾದ.”

“ಜಗಳ ಆಮೇಲೆ ಮುಂದುವರಿಸಿ, ನಾನು ಬೇಡ ಅನ್ನಲ್ಲ,” ಎಂದರು ರೇಡಿಯೋ. “ಆ ಜೊತೆಗೆ ಹದ ಹಾಕಿದ್ದು ಯಾರು?”

“ಯಾರೂ ಇಲ್ಲ! ನನ್ನ ಆಣೆಗೂ ಇಲ್ಲ. ಕೆತ್ತಿಸಿ ತಂದಾಗ ಬೆಣ್ಣೆ ಹಾಗೆ ಮೆತ್ತಗಿತ್ತು, ಅರ ಹಾಕಿದ್ರೆ ಪುಡಿ ಉದುರ್ತಿತ್ತು. ನನ್ನ ಮೇಜಿನ ಡ್ರಾಯರ್‌ನಲ್ಲಿ ಹಾಕಿ ಬೀಗ ಹಾಕಿದ್ದೆ. ಒಂದು ದಿನ ಸಮಾಧಾನವಾಗಿ ತೋರಿಸೋಣ ಅಂತ. ಮೀಸೆಗೆ ಪೆಟ್ಟಾದ ಮೇಲೆ ತೆಗೆದು ನೋಡಿದೆ. ಎರಡೂ ಇರಲಿಲ್ಲ.”

“ಮತ್ತೆ ಪೊಲೀಸರಿಗೆ ಹೇಳ್ಲಿಲ್ಲ.”

ಧಣಿಗಳು ನೆಲ ನೋಡಿದರು. “ಹೇಳಿದ್ರೆ ನಾನೇ ಹಾಕಿಸಿದೆ ಅಂತಿದ್ರು.”

“ಹೇಳದೆ ಇದ್ದಿದ್ದಕ್ಕೆ ಇವರನ್ನ ಹಿಡಿದ್ರು.”



ರೇಡಿಯೋ ಒಡೆದ ತುಂಡನ್ನು ನನ್ನ ಕೈಗಿಟ್ಟರು. “ನೀನಂತೂ ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲಮ್ಮ. ನಿನ್ನ ಪಾಲಿಂದೂ ನಾನೇ ಆಡಿ ಗಂಟಲು ಕಟ್ಟಿದೆ. ಈ ಶಾಪಿನ ದವಡೆ ಎಲ್ಲ ನಿನ್ನ ಕೈ ದಾಟಿ ಹೋಗುತ್ತಂತೆ. ಇದು ದಾಟಿದೆಯಾ?”

ನಾನು ಅದನ್ನು ಮಗುಚಿ ಹಾಕಿದೆ. ವೈಸಿನ ಮೈಗೆ ಒತ್ತಿ ಕೂರುವ ಬೆನ್ನು ಅದು. ಸ್ಕ್ರೂ ಬಿಚ್ಚದೆ ಯಾರ ಕಣ್ಣಿಗೂ ಬೀಳದ ಕಡೆ.

ನನ್ನ ಚಕ್ರ ಹಾದ ಉಕ್ಕಿನ ಮೇಲೆ ಸಣ್ಣ ಸಣ್ಣ ಗೆರೆಗಳು ಸಾಲಾಗಿ ಉಳಿಯುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಇದರ ಬೆನ್ನಿನಲ್ಲಿ ಅಂಥ ಒಂದು ಗೆರೆಯೂ ಇರಲಿಲ್ಲ.

ಬದಲಿಗೆ ಬಣ್ಣವಿತ್ತು.

ಒಂದು ತುದಿಯಲ್ಲಿ ಒಣ ಹುಲ್ಲಿನ ಹಳದಿ. ಅದು ಮಾಗಿ ಕಂದಾಗಿ, ಕಂದು ನೇರಳೆಯಾಗಿ, ನೇರಳೆ ಹೋಗಿ ಹೋಗಿ ಕಡುನೀಲಿಯಾಗಿತ್ತು. ನವಿಲಿನ ಕತ್ತಿನ ನೀಲಿ. ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಬೆರಳಿಟ್ಟು ತೋರಿಸಲಾಗದು. ನೀಲಿ ದಾಟಿದರೆ ಬರೀ ಬೂದಿಯ ಬಣ್ಣ. ಒಬ್ಬ ಮನುಷ್ಯನನ್ನು ಸಾವಿನ ಬಾಗಿಲಿಗೆ ತಳ್ಳಿದ ವಸ್ತು ಇಷ್ಟು ಚೆಂದ ಇರಬಾರದಿತ್ತು.

“ನನ್ನ ಕೈಗೆ ಬಂದಿಲ್ಲ ಇದು,” ಎಂದೆ. “ಬಂದಿದ್ರೆ ಈ ಬಣ್ಣ ಉಳೀತಿರ್ಲಿಲ್ಲ. ಇದು... ಕುಲುಮೇಲಿ ಕಾದಿದ್ದೂ ಅಲ್ಲ.”

“ಹೇಗೆ ಹೇಳ್ತೀಯ?”

“ಕುಲುಮೇಲಿ ಇಡೀ ತುಂಡಿಗೆ ಒಂದೇ ಕಾವು. ಇದಕ್ಕೆ ಮಧ್ಯದಲ್ಲಿ ಬೆಂಕಿ ಹಿಡಿದಿದಾರೆ. ತುದಿಗೆ ಹೋಗ್ತಾ ಕಾವು ಕಮ್ಮಿ ಆಗಿದೆ. ಅದಕ್ಕೇ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಇಳಿದಿರೋದು. ಒಂದೇ ಕಡೆ ಬೀಳೋ ಬೆಂಕಿ ಅಂದ್ರೆ...”

ಹೇಳುತ್ತ ಹೇಳುತ್ತ ನನ್ನ ಮಾತು ಎಲ್ಲಿಗೆ ಹೋಗುತ್ತಿದೆಯೆಂದು ನನಗೇ ಹೊಳೆಯಿತು.

ಒಂದೇ ಕಡೆ ಬೀಳುವ ಬೆಂಕಿ ಅಂದರೆ ಗ್ಯಾಸ್ ಟಾರ್ಚು. ಶಾಪಿನಲ್ಲಿ ಇರುವುದು ಒಂದೇ ಟಾರ್ಚು. ಅದನ್ನು ಹಿಡಿಯುವವನು ಒಬ್ಬನೇ ವೆಲ್ಡರ್. ನನ್ನ ಅಣ್ಣ. ದೊಡ್ಡಪ್ಪನ ಮಗ.

ತಲೆಯೆತ್ತಿದೆ. ದೊಡ್ಡಪ್ಪ ನನ್ನ ಕೈಯಲ್ಲಿದ್ದ ನೀಲಿಯನ್ನೇ ನೋಡುತ್ತಿದ್ದರು. ಅವರಿಗೆ ನನಗಿಂತ ಮೊದಲೇ ಅರ್ಥವಾಗಿತ್ತು.

“ನಾನೇ ಮಾಡಿದ್ದು,” ಎಂದರು.

“ಏನು?” ಎಂದರು ಧಣಿಗಳು.

“ನಾನೇ ತಗೊಂಡೆ, ನಾನೇ ಕಾಯ್ಸಿದೆ. ಹದ ತಪ್ಪಿತು. ಸಂಜೆ ತನಕ ಯಾಕೆ? ಈಗ್ಲೇ ಕರ್ಕೊಂಡ್ ಹೋಗಿ.”

“ದೊಡ್ಡಪ್ಪ!”

“ನೀನು ಸುಮ್ಮನಿರು ಮಗಳೇ.”

ನಾನು ಸುಮ್ಮನಿರಲಿಲ್ಲ. “ಸುಳ್ಳು! ಹೀಗೆ ಹರಳು ಕಟ್ಟೋ ಹಾಗೆ ನೀವು ಕಾಯಿಸ್ತೀರಾ? ಬಿಗಿ ಇಳಿಸದೆ ಬಿಡ್ತೀರಾ? ನಿದ್ದೆಗಣ್ಣಲ್ಲೂ ನಿಮ್ಮ ಕೈಗೆ ಅದು ಬರಲ್ಲ!”

ರೇಡಿಯೋ ಏನೂ ಮಾತಾಡಲಿಲ್ಲ. ಆ ಮನುಷ್ಯನ ಮೌನ ಎಷ್ಟು ಭಾರವಿರುತ್ತದೆಂದು ಆಗಷ್ಟೇ ಗೊತ್ತಾಯಿತು. ಆ ಮೌನದಲ್ಲಿ ಗೋಡೆಯಾಚೆಯ ಯಂತ್ರ ಮತ್ತೆ ಗುಂಯ್ ಎಂದಿತು.

“ಅದು ಯಾವ ಯಂತ್ರ?” ಎಂದು ಕೇಳಿದರು.

“ಮಿಲ್ಲಿಂಗು. ಮೀಸೇದೇ,” ಎಂದರು ಧಣಿಗಳು. “ಬೆಳಿಗ್ಗೆ ಪೊಲೀಸರು ಬಿಟ್ಟುಕೊಟ್ರು. ಕೆಲಸ ನಿಂತಿತ್ತಲ್ಲ. ಒಡೆದಿದ್ದರ ಜಾಗಕ್ಕೆ ಹೊಸ ದವಡೆ ಹಾಕಿ, ಇವರ ಮಗನನ್ನೇ ನಿಲ್ಲಿಸಿದೀನಿ.”

“ಒಡೆದಿದ್ದರ ಜಾಗಕ್ಕೆ. ಇನ್ನೊಂದು?”

“ಇನ್ನೊಂದಕ್ಕೆ ಏನೂ ಆಗಿರ್ಲಿಲ್ಲ. ಅದನ್ನ ಹಾಗೇ...” ಧಣಿಗಳ ಬಾಯಿ ತೆರೆದೇ ಉಳಿಯಿತು.

ಜೊತೆ. ಡ್ರಾಯರ್‌ನಿಂದ ಹೋದದ್ದು ಎರಡು.

ಎಲ್ಲರಿಗಿಂತ ಮೊದಲು ಓಡಿದವರು ದೊಡ್ಡಪ್ಪ. ಆ ವಯಸ್ಸಿನಲ್ಲಿ, ಪರದೆ ಹರಿದುಕೊಂಡು. ನಾನು ಅವರ ಹಿಂದೆ. ಮಿಲ್ಲಿಂಗ್ ಯಂತ್ರದ ಮುಂದೆ ಅಣ್ಣ ಬಾಗಿ ನಿಂತು ವೈಸಿನ ಹಿಡಿಯನ್ನು ಇನ್ನೊಂದು ಸುತ್ತು ಬಿಗಿಯುತ್ತಿದ್ದ. ಮುಖ ದವಡೆಯಿಂದ ಒಂದು ಗೇಣು ದೂರ. ಮೇಲೆ ಕಟರ್ ತಿರುಗುತ್ತಿತ್ತು.

“ನಿಲ್ಸೋ!”

ಅದು ನನ್ನ ದನಿ. ನನ್ನೊಳಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಶಾಪಿನ ಎಲ್ಲ ತಲೆಗಳೂ ಇತ್ತ ತಿರುಗಿದವು. ಅಣ್ಣ ಗಾಬರಿಯಾಗಿ ಗುಂಡಿ ಒತ್ತಿದ. ಕಟರ್ ಸುತ್ತಿ ಸುತ್ತಿ ನಿಂತಿತು.

“ಏನೇ ಇದು, ದೆವ್ವ ಬಡ್ಕೊಂಡ ಹಾಗೆ? ಪಕ್ಕದ ರಸ್ತೇವರೂ ಎದ್ದು ಬಂದಾರು!” ಅಣ್ಣ ನಕ್ಕ. ಅಪ್ಪನ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು.

ರೇಡಿಯೋ ಬಗ್ಗಿದರು, ನಾನೂ ಬಗ್ಗಿದೆ. ಹೊಸ ದವಡೆಯ ಎದುರಿಗಿದ್ದ ಹಳೆಯದರ ಅಂಚಿನಲ್ಲಿ ಅದೇ ಹಳದಿ, ಅದೇ ನೇರಳೆ, ಅದೇ ನೀಲಿ. ಸ್ಕ್ರೂ ತೂತಿನಿಂದ ಮೇಲಕ್ಕೆ ಕೂದಲೆಳೆಯಂಥ ಒಂದು ಕಪ್ಪು ಗೆರೆ ಹೊರಟಿತ್ತು. ಅದು ಇನ್ನೇನು ಅಂಚು ಮುಟ್ಟುವುದರಲ್ಲಿತ್ತು.

ಇದು ಎಂಥ ದವಡೆಯೆಂದು ಗೊತ್ತಿದ್ದವನು ಇದರ ಮುಂದೆ ಮುಖವಿಟ್ಟು ನಿಲ್ಲುತ್ತಿರಲಿಲ್ಲ. ಅಣ್ಣನಿಗೆ ಗೊತ್ತಿರಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

“ಈ ಜೊತೆಗೆ ಟಾರ್ಚು ಹಿಡಿದಿದ್ದು ನೀನೇನಪ್ಪ?” ರೇಡಿಯೋ ಮೆತ್ತಗೆ ಕೇಳಿದರು.

“ಹೂಂ, ನಾನೇ. ಯಾಕೆ? ಕೆಂಪಗೆ ಕಾಯ್ಸಿ ನೀರಲ್ಲಿ ಅದ್ದಿಕೊಡು ಅಂದ, ಅದ್ದಿಕೊಟ್ಟೆ. ಅದ್ದುವಾಗ ಟಿಣ್ ಅಂತು. ನಮ್ಮ ಮೆತ್ತಗಿನ ಉಕ್ಕು ತಾನೆ ಅಂದ್ಕೊಂಡೆ. ಯಾತಕ್ಕೆ ಅಂತ ನಾನು ಕೇಳ್ಲಿಲ್ಲ.”

“ಯಾರು ಅಂದಿದ್ದು?”

“ಮೀಸೆ.”

ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದವನು ತನ್ನ ದವಡೆಯನ್ನು ತಾನೇ ಮಾಡಿಸಿ, ತಾನೇ ಬಿಗಿದು, ತಾನೇ ಅದರ ಮುಂದೆ ನಿಂತಿದ್ದ.

“ಸರಿ,” ಧಣಿಗಳು ತೊದಲಿದರು. “ಆದ್ರೆ ಅವನಿಗೆ ಸಿಕ್ಕಿದ್ದು ಹೇಗೆ? ಡ್ರಾಯರ್ ಒಡೆದಿಲ್ಲ, ಬೀಗ ಬೀಗದ ಹಾಗೇ ಇದೆ. ಅದಕ್ಕಿರೋದು ಎರಡೇ ಕೀಲಿ. ಒಂದು ನನ್ನ ಸೊಂಟದಲ್ಲಿದೆ. ಇನ್ನೊಂದು ನಮ್ಮ ತಂದೆ ಕಾಲದಲ್ಲೇ ಕಳೆದುಹೋಯ್ತು.”

“ಕಳೆದಿಲ್ಲ,” ಎಂದರು ದೊಡ್ಡಪ್ಪ.

ನಾನು ನೆಲದಿಂದ ಅವರನ್ನು ನೋಡಿದೆ. ಸುಳ್ಳು ಹೇಳುವವರ ಕಣ್ಣು ಅತ್ತಿತ್ತ ಓಡುತ್ತದೆ. ಅವರ ಕಣ್ಣು ನೆಟ್ಟಗೆ ನನ್ನ ಮೇಲಿತ್ತು.

“ತಗೊಂಡಿದ್ದು ನಾನೇ ಅಂದ್ನಲ್ಲ ಮಗಳೇ. ನೀನು ನಂಬ್ಲಿಲ್ಲ. ಯಾರೂ ಬಳಸದಿರ್ಲಿ ಅಂತ ಗುಜರಿ ರಾಶಿಗೆ ಎಸೆದಿದ್ದೆ, ಅಲ್ಲಿಂದ ಮೀಸೆ ಎತ್ಕೊಂಡಿರ್ಬೇಕು.”

ಅವರು ಚರ್ಮದ ಏಪ್ರನ್ನಿನ ಒಳಜೇಬಿಗೆ ಕೈ ಹಾಕಿ, ಹಿತ್ತಾಳೆಯ ಒಂದು ಸಣ್ಣ ಕೀಲಿಯನ್ನು ತೆಗೆದು, ಬಿರುಕು ಬಿಟ್ಟ ಆ ದವಡೆಯ ಮೇಲಿಟ್ಟರು.